'ನನಗೆ' ಯಾವಾಗ 'ಮಿ', ಯಾವಾಗ 'ಐ'?

ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಾಗ, ಹುಡುಗಿಯೊಬ್ಬಳು ಬರೆದ 'ಮಿ ಹಂಗ್ರಿ' ಎಂಬ ವಾಕ್ಯದ ಮೇಲೆ ಕೆಂಪು ಗೆರೆ ಎಳೆದೆ. 'ನನಗ ಅಂದ್ರ ಮಿ ಅಂತ ನೀವೇ ಹೇಳಿದ್ರಲ್ರಿ ಸರ್' ಎಂದಳು. ಹೇಳಿದ್ದು ನಿಜ.

ಕನ್ನಡದಲ್ಲಿ ಹಸಿವು, ಜ್ವರ, ತಿಳಿವಳಿಕೆ ಎಲ್ಲವೂ 'ನನಗೆ' ಆಗುವಂಥವು. ಚತುರ್ಥಿಯೇ ಅಲ್ಲಿ ಕರ್ತೃವಿನ ಪೀಠದಲ್ಲಿರುತ್ತದೆ. ಇಂಗ್ಲಿಷಿನಲ್ಲಿ ಆ ಜಾಗಕ್ಕೆ 'ಐ' ಬರಬೇಕು. 'ನನಗೆ ಕೊಡು' ಎಂದರೆ 'ಮಿ', 'ನನ್ನನ್ನು ಕರೆ' ಎಂದರೂ ಅದೇ 'ಮಿ'. 13ನೇ ಶತಮಾನದಲ್ಲೇ ಕೇಶಿರಾಜನು ಏಳು ವಿಭಕ್ತಿಗಳನ್ನು ನಿರೂಪಿಸಿದ ಭಾಷೆಯ ಮಕ್ಕಳಿಗೆ ಇದು ಬಡತನವೆನಿಸಿದರೆ ಅಚ್ಚರಿಯಿಲ್ಲ.

ಆದಿಲಶಾಹಿ ಅರಸರ ಗೋರಿಗಳಿರುವ ಈ ಊರಿನಲ್ಲಿ ದಖನಿಯೂ ಕಿವಿಗೆ ಬೀಳುತ್ತದೆ. ಅದರ 'ಮೆರೆಕು' ಕೊಡುವುದಕ್ಕೂ ಕರೆಯುವುದಕ್ಕೂ ಒಂದೇ, 'ಮಿ'ಯಂತೆಯೇ. ಆ ಮನೆಯ ಮಕ್ಕಳಿಗೆ ಅರ್ಧ ದಾರಿ ಸುಗಮ. ಆದರೆ ಹಸಿವಾಗುವುದೂ 'ಮೆರೆಕು' ಆದ್ದರಿಂದ ಅವರೂ ಅಲ್ಲೇ ಎಡವುತ್ತಾರೆ. 2007ರಿಂದ ಸರ್ಕಾರಿ ಶಾಲೆಗಳ ಒಂದನೇ ತರಗತಿಗೇ ಇಂಗ್ಲಿಷ್ ಬಂದಿದೆ. ಮನೆಯಲ್ಲಿ ಆ ಭಾಷೆ ಕೇಳದ ಮಗುವಿನ ಇಂಥ ತಪ್ಪು ದಡ್ಡತನವಲ್ಲ, ತಾಯ್ನುಡಿಯ ತರ್ಕ. ನಾವು ಅದಕ್ಕೆ ಅಂಕ ಕಳೆಯುತ್ತೇವೆ.

ಇನ್ನೂ ಕಠಿಣವಾದುದು 'ಹಿಮ್'. 'ಅಜ್ಜಾರನ್ನು ಕಂಡೆ' ಎಂಬುದಕ್ಕೆ ಅವಳು 'ದೆಮ್' ಎಂದೇ ಬರೆದಿದ್ದಳು. 'ದೊಡ್ಡವರಿಗಿ ಹಿಮ್ ಅಂದ್ರ ಹೆಂಗ್ರಿ?' ವ್ಯಾಕರಣ ನನ್ನ ಬಳಿ ಇತ್ತು, ಉತ್ತರ ಇರಲಿಲ್ಲ.

ಈಗ ಹಲಗೆಯ ಮೇಲೆ ಮೂರೂ ಭಾಷೆಗಳ ವಾಕ್ಯಗಳನ್ನು ಅಕ್ಕಪಕ್ಕ ಬರೆಯುತ್ತೇನೆ. 'ಐ ಆಮ್ ಹಂಗ್ರಿ' ಅವಳಿಗೆ ಒಲಿದಿದೆ. ಅಜ್ಜನ ವಿಷಯದಲ್ಲಿ ಮಾತ್ರ ಇನ್ನೂ ಒಪ್ಪಿಲ್ಲ.