ಮಣೆಯ ಸುತ್ತ ನಾಲ್ವರು

ಊರು ಬಿಟ್ಟು ಮುಂಬಯಿಗೆ ಬಂದವನಿಗೆ ಭಾರವಾಗುವುದು ದುಡಿಮೆಯ ಹೊತ್ತಲ್ಲ, ದುಡಿಮೆ ಮುಗಿದ ಮೇಲಿನ ಹೊತ್ತು. ಹೋಟೆಲಿನಲ್ಲಾಗಲಿ, ಕಾರಖಾನೆಯಲ್ಲಾಗಲಿ, ಕಚೇರಿಯಲ್ಲಾಗಲಿ ಹಗಲು ಹೇಗೋ ಕಳೆಯುತ್ತದೆ. ಸಂಜೆ ಲೋಕಲ್ ಗಾಡಿಯಿಂದ ಇಳಿದು ಖೋಲಿ ಸೇರಿದರೆ ಮಾತಿಗೆ ಜನರಿಲ್ಲ. ಕೈಯಲ್ಲಿ ಮೊಬೈಲು ಮಾತ್ರ. ಇಂಥವರಲ್ಲಿ ಕೆಲವರು ನಮ್ಮ ವಾಚನಾಲಯಕ್ಕೆ ಬರುತ್ತಾರೆ. ಪತ್ರಿಕೆ ಓದಿ, ಮಡಿಸಿಟ್ಟು, ಸದ್ದಿಲ್ಲದೆ ಹೊರಟುಹೋಗುತ್ತಾರೆ. ಇಲ್ಲಿ ಮೌನವೇ ನಿಯಮವಾದುದರಿಂದ ನಾವೂ ಮಾತನಾಡಿಸುವುದಿಲ್ಲ. ವರ್ಷಗಟ್ಟಲೆ ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರು ಒಬ್ಬರ ಹೆಸರನ್ನೊಬ್ಬರು ಅರಿಯದಿದ್ದುದನ್ನು ನಾವು ಕಂಡಿದ್ದೇವೆ.

ಇದಕ್ಕೆ ಕಡಿಮೆ ಖರ್ಚಿನ ಮದ್ದೊಂದುಂಟು: ಪಕ್ಕದ ಕೋಣೆಯಲ್ಲಿ ಒಂದು ಆಟದ ಮಣೆ.

ಕೇರಂ ಆಟವನ್ನೇ ನೋಡೋಣ. 9 ಬಿಳಿ, 9 ಕಪ್ಪು, 1 ಕೆಂಪು ರಾಣಿ, ಹೀಗೆ 19 ಕಾಯಿಗಳು. ನಾಲ್ವರು ಆಡುವಾಗ ಜೊತೆಗಾರ ನಮ್ಮ ಎದುರಿಗೆ ಕೂಡುತ್ತಾನೆ, ಎಡಬಲದವರು ಎದುರಾಳಿಗಳು. ನಾಚಿಕೆಯ ಸ್ವಭಾವದವನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಎಲ್ಲರ ಕಣ್ಣೂ ಮಣೆಯ ಮೇಲಿರುವುದರಿಂದ ಅವನನ್ನು ಯಾರೂ ದಿಟ್ಟಿಸುವುದಿಲ್ಲ. ಮಾತು ಬೇಕೆಂದಿಲ್ಲ, ಆದರೂ ಸರದಿ ಬಂದಾಗ ಒಂದೆರಡು ಮಾತು ತಾನಾಗಿ ಬರುತ್ತದೆ. ಸ್ಟ್ರೈಕರ್ ಗುಂಡಿಗೆ ಬಿದ್ದರೆ ಗಳಿಸಿದ ಕಾಯೊಂದನ್ನು ಮರಳಿ ಇಡಬೇಕು. ರಾಣಿಯನ್ನು ಹಾಕಿ ಅದರ ಬೆನ್ನಿಗೇ ತನ್ನದೊಂದು ಕಾಯಿ ಹಾಕದಿದ್ದರೆ ರಾಣಿ ಮತ್ತೆ ನಡುವೆ ಬಂದು ಕೂಡುತ್ತಾಳೆ. ಈ ಕಾಯಿದೆ ಮ್ಯಾನೇಜರರಿಗೂ ಮಾಣಿಗೂ ಒಂದೇ. ಹಗಲೆಲ್ಲ ಅಪ್ಪಣೆ ಕೇಳಿದವನು ಇಲ್ಲಿ ಸಮಾನನಾಗಿ ಕೂಡುತ್ತಾನೆ. ಸೋತರೂ ಅರ್ಧ ಗಂಟೆಯಲ್ಲಿ ಕಾಯಿಗಳು ಮತ್ತೆ ಜೋಡಣೆಯಾಗುತ್ತವೆ. ಸೋಲು ಕೊನೆಯಲ್ಲವೆಂಬುದು ಉಪದೇಶದಿಂದಲ್ಲ, ರೂಢಿಯಿಂದ ತಿಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಧಾರವಾಡದ ಕಡೆಯ ತರುಣ ಗುಮಾಸ್ತನೊಬ್ಬ ಬರುತ್ತಿದ್ದ. ಮಾತು ತೊದಲುತ್ತಿತ್ತು. ಒಂದು ತಿಂಗಳು ಬಾಗಿಲ ಬಳಿ ನಿಂತು ಆಟ ನೋಡಿದ. ಒಂದು ಸಂಜೆ ನಾಲ್ಕನೆಯವರು ಬಾರದಿದ್ದಾಗ “ಬಾರಪ್ಪಾ, ಕೂತುಕೋ” ಎಂದೆವು. ಅಂದು ಸೋತ, ಮರುದಿನವೂ ಸೋತ. ಮೂರನೆಯ ವಾರ ನಮ್ಮ ಹಿರಿಯ ಸದಸ್ಯರೊಬ್ಬರು ದಂಡದ ಕಾಯಿ ಇಡುವುದನ್ನು ಮರೆತಾಗ, “ಇಲ್ರೀ ಕಾಕಾ, ನಿಮ್ಮ ಸ್ಟ್ರೈಕರ್ ಬಿತ್ತು, ಕಾಯಿ ಇಡ್ರಿ” ಎಂದ. ತೊದಲಿದ, ಆದರೂ ಹೇಳಿ ಮುಗಿಸಿದ. ಹಿರಿಯರು ನಕ್ಕು ಕಾಯಿ ಇಟ್ಟರು. ಮುಂದೆ ಆತನಿಗೆ ಕಾಮಾಲೆಯಾದಾಗ, ಊರಿನಿಂದ ತಾಯಿ ಬರುವ ತನಕ ಆಸ್ಪತ್ರೆಯಲ್ಲಿ ಪಾಳಿಯಂತೆ ಕುಳಿತವರು ಆ ಮಣೆಯ ಮೂವರೇ. ತೊದಲು ಇಂದಿಗೂ ಹೋಗಿಲ್ಲ. ಮಾತಿಗೆ ಅಂಜುವುದು ಹೋಗಿದೆ.

ಕೇರಂ ಕೊಳ್ಳಲು ಹಣವಿಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಿಂದ 25 ಮನೆ ಬರೆದು ಚೌಕಾಬಾರ ಆಡಬಹುದು. ಆಳಿಗೆ 4 ಕಾಯಿ, ಎಸೆಯಲು 4 ಕವಡೆ. ಕವಡೆ ಸಿಕ್ಕದಿದ್ದರೆ ಒಂದು ಮಗ್ಗುಲು ತೇದ ಹುಣಸೆಬೀಜವೂ ಆದೀತು. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ 8. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಹೋಗಕೂಡದೆಂಬುದು ಹಲವರ ಮನೆಯ ನಿಯಮ, ಕೆಲವರಲ್ಲಿ ಇಲ್ಲ. ಆದುದರಿಂದ ಮೊದಲು ನಾಲ್ವರೂ ಕೂಡಿ ನಿಯಮ ಗೊತ್ತುಮಾಡಿಕೊಳ್ಳಬೇಕು. ಮೈಸೂರಿನವರೂ ಬೆಳಗಾವಿಯವರೂ ತಮ್ಮ ತಮ್ಮ ಅಜ್ಜಿಯರ ಪದ್ಧತಿಯನ್ನು ಹೇಳತೊಡಗಿದರೆ ಪರಿಚಯ ಅಲ್ಲಿಗೇ ಮುಗಿದ ಹಾಗೆ! ಕರಾವಳಿಯವರಿಗೆ ಚೆನ್ನೆಮಣೆಯಿದೆ: 14 ಗುಳಿ, ಗುಳಿಗೆ 4 ಕಾಳು. ಮಣೆಯಾಟ ಕೇವಲ ಕಾಲಹರಣವೆನ್ನುವವರು ಮುಮ್ಮಡಿ ಕೃಷ್ಣರಾಜ ಒಡೆಯರನ್ನು (1794–1868) ನೆನೆಯಲಿ. ಅವರು ಇಂಥ ಆಟಗಳನ್ನು ತಾವೇ ರಚಿಸಿದರು. ‘ಶ್ರೀತತ್ತ್ವನಿಧಿ’ಯ ಒಂದು ಭಾಗವನ್ನೂ ಆಟಗಳಿಗೆ ಮೀಸಲಿಟ್ಟರು.

ಬಡವರ ಓಣಿಯಿಂದ ಕೇರಂ ಎಷ್ಟು ದೂರ ಒಯ್ಯಬಲ್ಲುದೆಂಬುದಕ್ಕೂ ನಿದರ್ಶನವಿದೆ. ಚೆನ್ನೈಯ ಮರಿಯ ಇರುದಯಂ ಅವರಿಗೆ 1996ರ ಅರ್ಜುನ ಪ್ರಶಸ್ತಿ ಬಂದಿತು. ಅದೇ ಊರಿನ ಆಟೋ ಚಾಲಕರೊಬ್ಬರ ಮಗಳು ಕಾಸಿಮಾ 2024ರಲ್ಲಿ ಅಮೆರಿಕದಲ್ಲಿ ನಡೆದ ವಿಶ್ವಕಪ್ಪಿನಲ್ಲಿ 3 ಚಿನ್ನದ ಪದಕ ಗೆದ್ದಳು. ಎಲ್ಲರೂ ಪದಕ ಗೆಲ್ಲಬೇಕಾಗಿಲ್ಲ. ನಮಗೆ ನಾಲ್ಕು ಜನ ಸ್ನೇಹಿತರು ಸಿಕ್ಕರೆ ಸಾಕು.

ವಾಚನಾಲಯ ಜೂಜಿನ ಅಡ್ಡೆಯಾದೀತೆಂದು ಮೊದಲು ಅಡ್ಡಿ ಹೇಳಿದವರಲ್ಲಿ ನಾವೂ ಇದ್ದೆವು. ಆ ಭಯ ಸುಳ್ಳಲ್ಲ. ಪಗಡೆಯಿಂದ ಪಾಂಡವರಿಗಾದ ಗತಿ ಎಲ್ಲರಿಗೂ ಗೊತ್ತು. ತುಳುನಾಡಿನ ಸಿರಿ ಪಾಡ್ದನದಲ್ಲಿ ಅವಳಿ ಸೋದರಿಯರಾದ ಅಬ್ಬಗ ದಾರಗರು ಚೆನ್ನೆಯಾಟದ ಜಗಳದಿಂದಲೇ ಪ್ರಾಣ ಕಳೆದುಕೊಂಡರು. ಆದರೆ ಕೆಟ್ಟದ್ದು ಮಣೆಯಲ್ಲ. ಪಣ ಮತ್ತು ಹಟ. ಆದುದರಿಂದ ಮೂರು ಕಟ್ಟಳೆ ಸಾಕು. ಒಂದು ಕಾಸಿನ ಪಣವೂ, ಚಹದ ಪಣವೂ ಕೂಡದು. ಆಟ ಮುಗಿದೊಡನೆ ಗೆದ್ದವರಲ್ಲಿ ಒಬ್ಬರು ಎದ್ದು, ನಿಂತು ನೋಡುವವರಿಗೆ ಸ್ಥಳ ಕೊಡತಕ್ಕದ್ದು. ಓದುವ ಕೋಣೆಯ ಬಾಗಿಲು ಮುಚ್ಚಿರತಕ್ಕದ್ದು.

ವಾಚಕರೇ, ಮುಂದಿನ ಸಲ ಪತ್ರಿಕೆ ಮಡಿಸಿಟ್ಟ ಮೇಲೆ ನೇರವಾಗಿ ಮೆಟ್ಟಿಲಿಳಿಯಬೇಡಿ. ಪಕ್ಕದ ಕೋಣೆಗೊಮ್ಮೆ ಇಣುಕಿರಿ. ಅಲ್ಲಿ ಮೂವರೇ ಇರಬಹುದು.