ಪ್ಯಾನ್‌ಕೇಕ್ ದಿನ ಮತ್ತು ಕೋಳಿಯ ಗಡಿಯಾರ

ಬ್ರಿಟನ್ನಿನಲ್ಲಿರುವ ನಮಗೆಲ್ಲ ಫೆಬ್ರವರಿಯ ಈ ನೋಟ ಪರಿಚಿತ. ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲೇ ಮೈದಾ, ಮೊಟ್ಟೆ, ನಿಂಬೆಹಣ್ಣು, ಸಕ್ಕರೆ ಒಟ್ಟಿಗೆ ಪೇರಿಸಿಟ್ಟಿರುತ್ತಾರೆ. ಮಕ್ಕಳು ಶಾಲೆಯಿಂದ ಬಂದು, "ಇವತ್ತು ಪ್ಯಾನ್‌ಕೇಕ್ ಡೇ, ನಮ್ಮನೇಲಿ ಮಾಡಲ್ವಾ?" ಅಂತ ಕೇಳುತ್ತಾರೆ. ಇವತ್ತೇ ಯಾಕೆ ಅಂದರೆ ಸಿಗುವ ಉತ್ತರ ಇಷ್ಟೇ: ನಾಳೆಯಿಂದ ಉಪವಾಸ, ಅದಕ್ಕೆ. ಉತ್ತರ ಸರಿಯೇ, ಆದರೆ ಅರ್ಧ ಮಾತ್ರ. ಉಳಿದ ಅರ್ಧ ಕೋಳಿಗೂಡಿನಲ್ಲಿದೆ. ಇವತ್ತಿನ ಸಂಚಿಕೆಯಲ್ಲಿ ಅಲ್ಲಿಗೇ ಹೋಗೋಣ.

ಮೊದಲು ದಿನದ ಲೆಕ್ಕ. ಈಸ್ಟರ್ ಭಾನುವಾರಕ್ಕೆ ಸರಿಯಾಗಿ 47 ದಿನ ಮುಂಚಿನ ಮಂಗಳವಾರವೇ ಪ್ಯಾನ್‌ಕೇಕ್ ದಿನ. ಇದರ ಹಳೆಯ ಹೆಸರು ಶ್ರೋವ್ ಟ್ಯೂಸ್‌ಡೇ, ಅಂದರೆ ಪಾಪ ನಿವೇದನೆಯ ಮಂಗಳವಾರ. ಮರುದಿನ ಬೂದಿ ಬುಧವಾರ. ಅಲ್ಲಿಂದ ಲೆಂಟ್ ಶುರು. ನಮ್ಮ ಕನ್ನಡ ಕ್ಯಾಥೊಲಿಕರು ಇದನ್ನು ತಪಸ್ಸುಕಾಲ ಅನ್ನುತ್ತಾರೆ. ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ 46 ದಿನ; ಆರು ಭಾನುವಾರ ಬಿಟ್ಟರೆ 40. ಈಸ್ಟರ್ ಹುಣ್ಣಿಮೆಯನ್ನು ಅನುಸರಿಸುವುದರಿಂದ ಪ್ಯಾನ್‌ಕೇಕ್ ದಿನವೂ ಪ್ರತಿ ವರ್ಷ ಸರಿಯುತ್ತೆ. 2026ರಲ್ಲಿ ಅದು ಫೆಬ್ರವರಿ 17, 2027ರಲ್ಲಿ ಫೆಬ್ರವರಿ 9.

ಮಧ್ಯಯುಗದ ಲೆಂಟ್ ಅಂದರೆ ಬರೀ ಮಾಂಸ ಬಿಡುವುದಲ್ಲ. ಪಶ್ಚಿಮ ಯೂರೋಪಿನ ಬಹುಭಾಗದಲ್ಲಿ ಹಾಲು, ಬೆಣ್ಣೆ, ಗಿಣ್ಣು, ಮೊಟ್ಟೆ ಕೂಡ ನಿಷಿದ್ಧ. 13ನೇ ಶತಮಾನದ ಧರ್ಮಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಕೊಟ್ಟ ವಾದ ಸರಳ: ಹಾಲೂ ಮೊಟ್ಟೆಯೂ ಮಾಂಸವುಳ್ಳ ಪ್ರಾಣಿಗಳಿಂದಲೇ ಬಂದವು. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ಮೊಸರು, ಇನ್ನೊಂದು ತಿಂಗಳು ಹಾಲು ಬಿಡುವ ಮನೆಗಳಲ್ಲಿ ಬೆಳೆದವರಿಗೆ ಇಂಥ ನಿಯಮ ಹೊಸದೇನಲ್ಲ.

ಹಾಗಾದರೆ ಮನೆಯಲ್ಲಿ ಉಳಿದಿದ್ದನ್ನು ಏನು ಮಾಡೋದು? ಆರೂವರೆ ವಾರ ಹಾಲು ನಿಲ್ಲಲ್ಲ. ಮೊಟ್ಟೆ ತಂಪಿನಲ್ಲಿ ಕೆಲವು ವಾರ ತಡೆಯಬಹುದು, ಅಷ್ಟೇ. ಇವನ್ನೆಲ್ಲ ಒಂದೇ ಸಂಜೆ ಮುಗಿಸಬೇಕು, ಅದೂ ಬಡವರ ಮನೆಯಲ್ಲಿ. ಅಲ್ಲಿ ಓವನ್ ಇರಲಿಲ್ಲ, ಒಲೆ ಮತ್ತು ಬಾಣಲೆ ಇದ್ದವು. ಸ್ವಲ್ಪ ಹಿಟ್ಟಿಗೆ ಮೊಟ್ಟೆ ಒಡೆದು ಹಾಕಿ, ಹಾಲು ಸುರಿದು ಕದಡಿ, ಬೆಣ್ಣೆಯಲ್ಲಿ ಹುಯ್ದರೆ ಆಯಿತು. ಬ್ರಿಟನ್ನಿನ ಪ್ಯಾನ್‌ಕೇಕ್ ಅಮೆರಿಕದ್ದರಂತೆ ದಪ್ಪಗಿರದೆ ನಮ್ಮ ತೆಳ್ಳನೆಯ ದೋಸೆಯ ಹಾಗೆ ಇರುವುದು ಇದೇ ಕಾರಣಕ್ಕೆ: ಅದನ್ನು ಉಬ್ಬಿಸಲು ಬೇಕಿಂಗ್ ಪೌಡರ್ ಆಗ ಇರಲೇ ಇಲ್ಲ.

ಮರುದಿನ ಏನು ನಿಷಿದ್ಧ ಅನ್ನೋದೇ ಹಿಂದಿನ ದಿನ ಏನು ತಿನ್ನಬೇಕು ಅನ್ನೋದನ್ನು ತೀರ್ಮಾನಿಸುತ್ತೆ. ಇದಕ್ಕೆ ರಷ್ಯಾದ ಮಾಸ್ಲೆನಿತ್ಸಾ ಒಳ್ಳೆಯ ಉದಾಹರಣೆ. ಆರ್ಥೊಡಾಕ್ಸ್ ಸಂಪ್ರದಾಯದಲ್ಲಿ ಮಾಂಸವನ್ನು ಒಂದು ವಾರ ಮೊದಲೇ ಬಿಡುತ್ತಾರೆ. ಆ ಒಂದು ವಾರ ಹಾಲು, ಬೆಣ್ಣೆ, ಮೊಟ್ಟೆಗೆ ಅಡ್ಡಿಯಿಲ್ಲ. ಅದಕ್ಕೇ ಅಲ್ಲಿ ಪ್ಯಾನ್‌ಕೇಕ್ ದಿನ ಅಲ್ಲ, ಪ್ಯಾನ್‌ಕೇಕ್ ವಾರವೇ ಇದೆ; ಅವರ ಪ್ಯಾನ್‌ಕೇಕಿನ ಹೆಸರು ಬ್ಲಿನಿ.

ಈಗ ಕೋಳಿಗೂಡಿಗೆ ಬರೋಣ. ನಿಯಮ ಮನುಷ್ಯನಿಗೆ ಗೊತ್ತು, ಕೋಳಿಗೆ ಗೊತ್ತಿಲ್ಲವಲ್ಲ! ಕೋಳಿ ನೋಡುವುದು ಬೆಳಕನ್ನು. ನೋಡುವುದು ಅಂದರೆ ಬರೀ ಕಣ್ಣಿನಿಂದಲೂ ಅಲ್ಲ. 1930ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿ ಜಾಕ್ ಬೆನ್ವಾ ಬಾತುಕೋಳಿಗಳಲ್ಲಿ ತೋರಿಸಿದ್ದು ಇದನ್ನೇ: ಹಕ್ಕಿಯ ಮಿದುಳು ಕಣ್ಣಿನ ಸಹಾಯವಿಲ್ಲದೆಯೂ ಬೆಳಕಿಗೆ ಸ್ಪಂದಿಸುತ್ತದೆ. ತಲೆಬುರುಡೆಯನ್ನು ದಾಟಿ ಬರುವ ಬೆಳಕನ್ನು ಹೈಪೊಥಲಾಮಸ್ ಎಂಬ ಭಾಗದ ಕೋಶಗಳು ಗ್ರಹಿಸುತ್ತವೆ. ಹಗಲು ಉದ್ದವಾದಂತೆ ಅಲ್ಲಿಂದ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ಅಂಡಾಶಯಕ್ಕೆ ಹಾರ್ಮೋನಿನ ಸಂದೇಶ ಹೋಗುತ್ತೆ. ಕೋಳಿ ಮೊಟ್ಟೆಯಿಡಲು ಶುರುಮಾಡುತ್ತೆ.

ಇಲ್ಲಿ ಅಕ್ಷಾಂಶದ ಲೆಕ್ಕ ಬರುತ್ತೆ. ಬೆಂಗಳೂರಿನ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಲಂಡನ್ನಿನಲ್ಲಿ ಅದು ಹತ್ತಿರ ಹತ್ತಿರ 9 ಗಂಟೆ. ಡಿಸೆಂಬರಿನಲ್ಲಿ ಇಲ್ಲಿ ಹಗಲು 8 ಗಂಟೆಗೂ ಕಡಿಮೆ; ವಿದ್ಯುತ್ ದೀಪ ಇಲ್ಲದ ಕಾಲದಲ್ಲಿ ಕೋಳಿಗಳು ಆಗ ಮೊಟ್ಟೆ ಇಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತಿದ್ದವು. ಫೆಬ್ರವರಿ ನಡುವಿಗೆ ಹಗಲು 10 ಗಂಟೆ. ಏಪ್ರಿಲ್ ಮೊದಲ ವಾರಕ್ಕೆ 13 ಗಂಟೆ. ಅಂದರೆ ಕೋಳಿಗಳು ಚೇತರಿಸಿಕೊಂಡು ಮೊಟ್ಟೆಯ ಸಂಖ್ಯೆ ಏರುವ ಹೊತ್ತಿಗೇ ಸರಿಯಾಗಿ ಲೆಂಟ್ ಬಂದು ಮೊಟ್ಟೆ ತಿನ್ನಬೇಡಿ ಅನ್ನುತ್ತೆ!

ಫಲಿತಾಂಶ ಊಹಿಸಬಹುದು. ಆರೂವರೆ ವಾರ ಮೊಟ್ಟೆ ರಾಶಿ ಬೀಳುತ್ತೆ. ಕೆಲವನ್ನು ಕಾವಿಗೆ ಇಡಬಹುದು, ಹಿಂಡು ಬೆಳೆಯುತ್ತೆ. ಉಳಿದದ್ದು ಈಸ್ಟರ್ ದಿನಕ್ಕೆ. ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್‌ನ 1290ರ ಅರಮನೆ ಲೆಕ್ಕದಲ್ಲಿ ಈಸ್ಟರ್‌ಗಾಗಿ 450 ಮೊಟ್ಟೆ ಕೊಂಡ ದಾಖಲೆಯಿದೆ, ಬೆಲೆ 18 ಪೆನ್ಸ್. ಒಂದು ಪೆನ್ನಿಗೆ 25 ಮೊಟ್ಟೆ. ಹೀಗೆ ನೋಡಿದರೆ ಪ್ಯಾನ್‌ಕೇಕ್ ಮತ್ತು ಈಸ್ಟರ್ ಮೊಟ್ಟೆ ಒಂದೇ ಕಥೆಯ ಎರಡು ತುದಿಗಳು. ಈ ಲಾಭಕ್ಕಾಗಿಯೇ ನಿಯಮ ಮಾಡಿದರು ಅಂತ ನಾವು ಹೇಳುತ್ತಿಲ್ಲ. ನಿಯಮವೂ ಋತುವೂ ಒಂದರ ಮೇಲೊಂದು ಬಂದಾಗ ಅಡುಗೆಮನೆ ಹೇಗೆ ಹೊಂದಿಕೊಂಡಿತು ಅನ್ನೋದಷ್ಟೇ ನಮ್ಮ ಮಾತು.

ಇನ್ನು ಜೀವವಿಜ್ಞಾನಿಗಳಾದ ನಮಗೆ ತುಂಬ ಇಷ್ಟದ ಭಾಗ. ಉಪವಾಸದ ನಿಯಮ ಕೋಳಿಯ ಮೇಲೂ ಗುರುತು ಬಿಟ್ಟಿರಬಹುದೇ? ಟಿಎಸ್‌ಎಚ್‌ಆರ್ ಅಂತ ಒಂದು ಜೀನ್ ಇದೆ. ಹಗಲಿನ ಉದ್ದಕ್ಕೆ ತಕ್ಕಂತೆ ಸಂತಾನೋತ್ಪತ್ತಿಯನ್ನು ನಿಯಂತ್ರಿಸುವ ವ್ಯವಸ್ಥೆಯಲ್ಲಿ ಅದಕ್ಕೊಂದು ಪಾತ್ರವಿದೆ. ಈ ಜೀನಿನ ಒಂದು ರೂಪ ಇಂದಿನ ಸಾಕುಕೋಳಿಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಇದೆ ಅಂತ ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರ ತಂಡ 2010ರಲ್ಲಿ ತೋರಿಸಿತು. ಆ ರೂಪವಿರುವ ಕೋಳಿ ಬೇಗ ಮೊಟ್ಟೆಗೆ ಬರುತ್ತೆ, ಜೊತೆಯ ಕೋಳಿಗಳ ಜೊತೆ ಕಡಿಮೆ ಜಗಳವಾಡುತ್ತೆ. ಇದು ಸಾವಿರಾರು ವರ್ಷ ಹಿಂದೆ, ಕೋಳಿಯನ್ನು ಪಳಗಿಸಿದಾಗಲೇ ಆದ ಬದಲಾವಣೆ ಇರಬೇಕು ಅಂತ ಅಂದುಕೊಳ್ಳುವುದು ಸಹಜ. ಆದರೆ ಯೂರೋಪಿನ ಉತ್ಖನನಗಳಲ್ಲಿ ಸಿಕ್ಕ ಕೋಳಿ ಮೂಳೆಗಳ ಡಿಎನ್‌ಎ ನೋಡಿದ 2017ರ ಅಧ್ಯಯನ ಬೇರೆಯೇ ಕಾಲ ತೋರಿಸಿತು: ಆಯ್ಕೆ ಜೋರಾಗಿದ್ದು ಸುಮಾರು ಸಾವಿರ ವರ್ಷದ ಹಿಂದೆ.

ಆಗ ಏನು ನಡೆಯುತ್ತಿತ್ತು? ಊರುಗಳು ಬೆಳೆಯುತ್ತಿದ್ದವು, ಇಕ್ಕಟ್ಟಿನ ಹಿತ್ತಲಿನಲ್ಲಿ ಕೋಳಿ ಸಾಕುವವರು ಹೆಚ್ಚುತ್ತಿದ್ದರು. ಜೊತೆಗೆ ಮಠಗಳ ಪ್ರಭಾವದಿಂದ ನಾಲ್ಕು ಕಾಲಿನ ಪ್ರಾಣಿಗಳ ಮಾಂಸವನ್ನು ಉಪವಾಸದ ದಿನಗಳಲ್ಲಿ ಬಿಡುವ ಪದ್ಧತಿ ಹರಡಿತು. ವರ್ಷದಲ್ಲಿ ಲೆಂಟ್ ಅಲ್ಲದ ಉಪವಾಸಗಳೂ ಎಷ್ಟೋ ಇದ್ದವು; ಎರಡು ಕಾಲಿನ ಕೋಳಿಗೂ ಅದರ ಮೊಟ್ಟೆಗೂ ಅಂಥ ಎಷ್ಟೋ ದಿನಗಳಲ್ಲಿ ರಿಯಾಯಿತಿ. ಬೇಡಿಕೆ ಏರಿತು, ಬೇಗ ಮೊಟ್ಟೆಯಿಡುವ ಸಾಧು ಕೋಳಿಯನ್ನೇ ಜನ ಉಳಿಸಿಕೊಂಡರು ಅನ್ನುವುದು ಆ ಸಂಶೋಧಕರ ವಿವರಣೆ. ಒಂದು ಎಚ್ಚರ: ಕಾಲ ಹೊಂದುತ್ತದೆ ಅಂದಮಾತ್ರಕ್ಕೆ ಕಾರಣ ಸಾಬೀತಾಗಲ್ಲ. ಆದರೂ ಮನುಷ್ಯರ ವ್ರತವೊಂದು ಹಕ್ಕಿಯ ವಂಶವಾಹಿಯವರೆಗೆ ತಲುಪಿರಬಹುದು ಅನ್ನೋದನ್ನು ಮೂಳೆ ಹಿಡಿದು ಪರೀಕ್ಷಿಸಲು ಸಾಧ್ಯವಾಗಿದೆಯಲ್ಲ, ಅದು ಸಣ್ಣ ಮಾತಲ್ಲ.

ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿಯ ಕಾಲದಿಂದಲೇ ಹಾಲು, ಮೊಟ್ಟೆಯ ನಿಷೇಧ ಸಡಿಲವಾಯಿತು. ಪ್ಯಾನ್‌ಕೇಕ್ ಮಾತ್ರ ಉಳಿಯಿತು. ಓಲ್ನಿ ಎಂಬ ಊರಿನಲ್ಲಿ ಹೆಂಗಸರು ಬಾಣಲೆ ಹಿಡಿದು 415 ಗಜ ಓಡುವ ಸ್ಪರ್ಧೆ ಈಗಲೂ ನಡೆಯುತ್ತೆ. 1445ರಲ್ಲಿ ಚರ್ಚಿನ ಗಂಟೆ ಕೇಳಿ ಗೃಹಿಣಿಯೊಬ್ಬಳು ಬಾಣಲೆ ಸಮೇತ ಓಡಿದಳು ಅನ್ನೋದು ಊರಿನವರು ಹೇಳುವ ಕಥೆ. 1950ರಿಂದ ಅಮೆರಿಕದ ಕ್ಯಾನ್ಸಸ್‌ನ ಲಿಬರಲ್ ಊರಿನವರೂ ಅದೇ ದಿನ ತಮ್ಮೂರಲ್ಲಿ ಓಡಿ ಸಮಯ ಹೋಲಿಸುತ್ತಾರೆ.

ಹಬ್ಬ ಉಳಿಯಿತು, ಅದರ ಹಿಂದಿನ ಋತು ಹೋಯಿತು. ಇಂದಿನ ಫಾರಂಗಳಲ್ಲಿ ಮೊಟ್ಟೆ ಕೋಳಿಗಳಿಗೆ ದಿನಕ್ಕೆ ಸುಮಾರು 16 ಗಂಟೆ ಬೆಳಕು ಕೊಡುವುದು ರೂಢಿ. ಅವುಗಳ ಮಟ್ಟಿಗೆ ವರ್ಷವೆಲ್ಲ ಬೇಸಿಗೆ. ಕಾಡಿನಲ್ಲಿರುವ ಮೂಲ ತಳಿ, ಕೆಂಪು ಕಾಡುಕೋಳಿ, ವರ್ಷಕ್ಕೆ ಇಡುವುದು ಹತ್ತು ಹದಿನೈದು ಮೊಟ್ಟೆ. ಫಾರಂ ಕೋಳಿ 300 ದಾಟುತ್ತೆ. ಪ್ರತಿ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಅದರಲ್ಲಿ ಒಂದು ಪಾಲು ಕೋಳಿಯ ಮೂಳೆಯಿಂದಲೇ ಹೋಗುತ್ತೆ. ಮೊಟ್ಟೆ ಕೋಳಿಗಳಲ್ಲಿ ಎದೆಮೂಳೆ ಮುರಿಯುವುದು ಇವತ್ತು ವ್ಯಾಪಕ ಸಮಸ್ಯೆ. ಕಾರಣಗಳು ಹಲವು, ಈ ಹೊರೆಯೂ ಅವುಗಳಲ್ಲಿ ಒಂದು ಅಂತ ಸಂಶೋಧಕರು ನೋಡುತ್ತಿದ್ದಾರೆ. ಚಳಿಗಾಲದ ಕತ್ತಲು ಮನುಷ್ಯನಿಗೆ ಕೊರತೆಯಾಗಿತ್ತು, ಕೋಳಿಗೆ ಅದೇ ವಿರಾಮವಾಗಿತ್ತು.

ಹಾಗಾಗಿ ಮುಂದಿನ ಪ್ಯಾನ್‌ಕೇಕ್ ದಿನ ಮಗು "ಇವತ್ತೇ ಯಾಕೆ?" ಅಂತ ಕೇಳಿದರೆ, ಉಪವಾಸದ ವಿಷಯ ಹೇಳಿ, ಹಾಗೇ ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ. ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲಾಗುತ್ತಿತ್ತು, ಈಗ ಐದಾದರೂ ಬೆಳಕಿದೆ ಅಂತ ತೋರಿಸಿ. ಮನೆಯಲ್ಲಿ ಮೊಟ್ಟೆ ತಿನ್ನದವರು ದೋಸೆ ಹುಯ್ಯುತ್ತಲೇ ಈ ಕಥೆ ಹೇಳಬಹುದು, ಏನೂ ಕೊರತೆಯಾಗಲ್ಲ. ನಿಮ್ಮ ಪ್ರಶ್ನೆಗಳನ್ನು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಸಿಗೋಣ.