ಹೆಜ್ಜೆ ಕೂಡಿಸುವ ವಿದ್ಯೆ

ನಮ್ಮ ಮನೆಯ ಪಡಸಾಲೆಯಲ್ಲಿ ಲೋಲಕದ ಗಡಿಯಾರವೊಂದಿತ್ತು. ಪ್ರತಿ ಸಂಜೆ ರೇಡಿಯೋದಲ್ಲಿ ವಾರ್ತೆಗೆ ಮುನ್ನ ಸಮಯಸೂಚನೆಯ 'ಪಿಪ್' ಸದ್ದು ಕೇಳಿಸುವ ಹೊತ್ತಿಗೆ ನನ್ನ ತಂದೆಯವರು ಅದರೆದುರು ನಿಂತಿರುತ್ತಿದ್ದರು. ಗಡಿಯಾರ ಒಂದು ನಿಮಿಷ ಮುಂದಿದ್ದರೂ ಅವರು ಮುಳ್ಳನ್ನು ಮುಟ್ಟುತ್ತಿರಲಿಲ್ಲ. ಎರಡು ಮೂರು ದಿನ ಕಾದು, ವ್ಯತ್ಯಾಸ ಬೆಳೆಯುತ್ತಿದೆಯೆಂದು ಖಚಿತವಾದ ಮೇಲೆ, ಲೋಲಕದ ಬಿಲ್ಲೆಯ ಅಡಿಯಲ್ಲಿದ್ದ ತಿರುಪನ್ನು ತುಸುವೇ ಸಡಿಲಿಸಿ ಬಿಲ್ಲೆಯನ್ನು ಕೂದಲೆಳೆಯಷ್ಟು ಕೆಳಗಿಳಿಸುತ್ತಿದ್ದರು. "ಮುಳ್ಳು ತಿರುಗಿಸಿದರೆ ಇವತ್ತಿಗೆ ಸರಿಹೋಗುತ್ತೆ, ನಾಳೆ ಮತ್ತೆ ಓಡುತ್ತೆ. ತಿದ್ದಬೇಕಾದ್ದು ನಡಿಗೆಯನ್ನ, ಮಗು" ಎನ್ನುತ್ತಿದ್ದರು.

ಆ ರೇಡಿಯೋ, ಆ ಗಡಿಯಾರ, ನಡುವೆ ನಿಂತ ನನ್ನ ತಂದೆ, ಈ ಮೂವರೂ ಸೇರಿ ನಡೆಸುತ್ತಿದ್ದ ಕೆಲಸವನ್ನೇ ಇಂದು ಬೆರಳುಗುರಿನಷ್ಟು ಸಿಲಿಕಾನ್ ಚೂರೊಂದು ಸೆಕೆಂಡಿಗೆ ಲಕ್ಷಾಂತರ ಬಾರಿ ನಡೆಸುತ್ತದೆ. ಎಂಜಿನಿಯರುಗಳು ಅದನ್ನು ಫೇಸ್ ಲಾಕ್ಡ್ ಲೂಪ್ ಎಂದು ಕರೆಯುತ್ತಾರೆ. ಫ್ರಾನ್ಸಿನ ದ ಬೆಲ್‌ಸೀಜ್ ಎಂಬ ಎಂಜಿನಿಯರು ರೇಡಿಯೋ ಗ್ರಾಹಕಕ್ಕಾಗಿ 1932ರಲ್ಲಿ ಇದರ ವಿವರಣೆಯನ್ನು ಪ್ರಕಟಿಸಿದರು.

ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಿ ತಿಳಿಯಬೇಕು. ಕಂಪನಾಂಕವೆಂದರೆ ನಡಿಗೆ, ಸೆಕೆಂಡಿಗೆ ಎಷ್ಟು ಹೆಜ್ಜೆ ಎಂಬ ಲೆಕ್ಕ. ಪ್ರಾವಸ್ಥೆ, ಅಂದರೆ ಫೇಸ್, ಈ ಗಳಿಗೆಯಲ್ಲಿ ಕಾಲು ಎಲ್ಲಿದೆ ಎಂಬ ಸ್ಥಿತಿ. ಒಂದು ಅಲೆ ಸೆಕೆಂಡಿಗೆ ಹತ್ತು ಲಕ್ಷ ಬಾರಿಯೂ, ಇನ್ನೊಂದು ಹತ್ತು ಲಕ್ಷದ ಮೇಲೆ ಒಂದು ಬಾರಿಯೂ ಕಂಪಿಸುತ್ತಿವೆಯೆನ್ನಿ. ಎಣಿಸಿ ಈ ಭೇದವನ್ನು ಹಿಡಿಯುವುದು ಸುಲಭವಲ್ಲ. ಆದರೆ ಎರಡನ್ನೂ ಜೊತೆಗಿಟ್ಟು ನೋಡಿದರೆ ಅವುಗಳ ಪ್ರಾವಸ್ಥೆಯ ಅಂತರ ಸೆಕೆಂಡಿಗೆ ಒಂದು ಸುತ್ತಿನಂತೆ ಬೆಳೆಯುತ್ತಾ ಹೋಗುವುದು ಕಣ್ಣಿಗೆ ಹೊಡೆಯುತ್ತದೆ. ಆ ಅಂತರ ಬೆಳೆಯದೆ ನಿಂತಿತೆಂದರೆ ಎರಡು ಕಂಪನಾಂಕಗಳೂ ಎಳ್ಳಷ್ಟೂ ಭೇದವಿಲ್ಲದೆ ಒಂದಾದವೆಂದೇ ಅರ್ಥ. ವೇಗವನ್ನು ಸರಿಪಡಿಸಲು ವೇಗವನ್ನು ಅಳೆಯಬೇಕಾಗಿಲ್ಲ. ಅಂತರವನ್ನು ಗಮನಿಸಿದರೆ ಸಾಕು.

ಈ ಮಂಡಲದಲ್ಲಿ ಮೂರು ಭಾಗಗಳುಂಟು. ಮೊದಲನೆಯದು ಪ್ರಾವಸ್ಥೆಯ ಶೋಧಕ. ಹೊರಗಿನಿಂದ ಬಂದ ಅಲೆಯನ್ನೂ ಒಳಗಿನ ಅಲೆಯನ್ನೂ ಹೋಲಿಸಿ, ಅಂತರಕ್ಕೆ ತಕ್ಕಷ್ಟು ವಿದ್ಯುತ್ ಒತ್ತಡವನ್ನು ಅದು ಹೊರಡಿಸುತ್ತದೆ. ಇದು ಗಡಿಯಾರದ ಮುಂದೆ ನಿಂತ ತಂದೆಯವರ ಕಣ್ಣು. ಎರಡನೆಯದು ಫಿಲ್ಟರ್ ಎಂಬ ಸೋಸುಮಂಡಲ. ಕ್ಷಣಿಕವಾದ ಗದ್ದಲಕ್ಕೆ ಬೆದರದೆ, ಅಂತರದ ನಿಜವಾದ ಒಲವನ್ನು ಕೆಪಾಸಿಟರಿನಲ್ಲಿ ವಿದ್ಯುದಂಶವಾಗಿ ಕೂಡಿಟ್ಟುಕೊಳ್ಳುತ್ತದೆ. ಇದು ಅವರ ಎರಡು ಮೂರು ದಿನದ ತಾಳ್ಮೆ. ಮೂರನೆಯದು ಒತ್ತಡಕ್ಕೆ ತಕ್ಕಂತೆ ಕಂಪನಾಂಕವನ್ನು ಬದಲಿಸಿಕೊಳ್ಳುವ ಆಂದೋಲಕ; ತಿರುಪುಳ್ಳ ಲೋಲಕ. ತಾಳ್ಮೆ ಕಡಿಮೆಯಾದರೆ ಮಂಡಲ ಗದ್ದಲದ ಹಿಂದೆ ಓಡುತ್ತದೆ. ಹೆಚ್ಚಾದರೆ ನಿಜವಾದ ಬದಲಾವಣೆಯನ್ನೇ ತಪ್ಪಿಸಿಕೊಳ್ಳುತ್ತದೆ.

ಒಳಗಿನ ಅಲೆಯನ್ನು ಹೋಲಿಕೆಗೆ ಮುನ್ನ ಒಂದು ಸಂಖ್ಯೆಯಿಂದ ಭಾಗಿಸುವ ಏರ್ಪಾಡನ್ನು ಸೇರಿಸಿದರೆ ಬೇಕಾದ ಕಂಪನಾಂಕವನ್ನು ನಾವೇ ಹುಟ್ಟಿಸಬಹುದು. ಬೆಂಗಳೂರು ಆಕಾಶವಾಣಿಯ ಎಫ್.ಎಂ. ಕೇಂದ್ರವನ್ನು 101.3 ಮೆಗಾಹರ್ಟ್ಸ್‌ನಲ್ಲಿ ಹಿಡಿಯಲು ಅಂಕಿ ತೋರಿಸುವ ರೇಡಿಯೋ ಸಾಮಾನ್ಯವಾಗಿ ತನ್ನೊಳಗೆ 10.7ರಷ್ಟು ಮೇಲಿನ, ಅಂದರೆ 112 ಮೆಗಾಹರ್ಟ್ಸ್ ಅಲೆಯನ್ನು ಮಾಡಿಕೊಳ್ಳುತ್ತದೆ. ಅದನ್ನು 1120ರಿಂದ ಭಾಗಿಸಿದರೆ ಒಂದು ಲಕ್ಷ ಹರ್ಟ್ಸ್. ಸ್ಫಟಿಕದಿಂದ ಪಡೆದ ಒಂದು ಲಕ್ಷ ಹರ್ಟ್ಸ್‌ಗೆ ಅದನ್ನು ಹೋಲಿಸುತ್ತಾ ಹೋದರಾಯಿತು. ಕೇಂದ್ರ ಬದಲಿಸಲು ಭಾಜಕವನ್ನು ಬದಲಿಸಿದರೆ ಸಾಕು.

ಈ ಮಂಡಲದ ಬೆಲೆ ಏನೆಂಬುದು ಅದು ಕೆಟ್ಟಾಗ ತಿಳಿಯುತ್ತದೆ. 1977ರ ಆಗಸ್ಟ್ 20ರಂದು ಅಮೆರಿಕದಿಂದ ಹೊರಟ ವಾಯೇಜರ್-2 ನೌಕೆಯಲ್ಲಿ ಎರಡು ರೇಡಿಯೋ ಗ್ರಾಹಕಗಳಿದ್ದವು. ಒಂದು ವಾರ ಭೂಮಿಯಿಂದ ಆದೇಶ ಬಾರದಿದ್ದರೆ ತನ್ನ ಕಿವಿಯೇ ಕೆಟ್ಟಿತೆಂದು ತಿಳಿದು ಇನ್ನೊಂದಕ್ಕೆ ಬದಲಾಯಿಸಿಕೊಳ್ಳುವಂತೆ ಅದಕ್ಕೆ ಕಲಿಸಲಾಗಿತ್ತು. 1978ರ ಏಪ್ರಿಲ್‌ನಲ್ಲಿ ವಾಡಿಕೆಯ ಆದೇಶ ಕಳಿಸುವುದು ಮರೆತುಹೋಯಿತು. ನೌಕೆ ಎರಡನೆಯ ಗ್ರಾಹಕಕ್ಕೆ ಬದಲಾಯಿತು. ಆಗ ತಿಳಿದದ್ದು, ಅದರ ಫೇಸ್ ಲಾಕ್ ಮಂಡಲದ ಕೆಪಾಸಿಟರ್ ಕೆಟ್ಟಿದೆ ಎಂಬುದು. ನೌಕೆ ಮೊದಲನೆಯದಕ್ಕೆ ಮರಳಿದ ಸ್ವಲ್ಪ ಹೊತ್ತಿನಲ್ಲೇ ಅದು ಸಂಪೂರ್ಣ ಸತ್ತಿತು. ಉಳಿದದ್ದು ಕುಂಟು ಕಿವಿಯೊಂದೇ.

ಭೂಮಿಯಿಂದ ಅದಕ್ಕೆ ಹೋಗುವ ಅಲೆ ಸೆಕೆಂಡಿಗೆ ಸುಮಾರು 211 ಕೋಟಿ ಬಾರಿ ಕಂಪಿಸುತ್ತದೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವುದರಿಂದ, ಡಾಪ್ಲರ್ ಪರಿಣಾಮದಿಂದಾಗಿ ಈ ಕಂಪನಾಂಕ ಎರಡು ಲಕ್ಷ ಹರ್ಟ್ಸ್‌ನಷ್ಟು ಅತ್ತಿತ್ತ ಸರಿಯಬಲ್ಲದು. ಆರೋಗ್ಯವಂತ ಗ್ರಾಹಕವಾಗಿದ್ದರೆ ಸರಿಯುವ ಅಲೆಯ ಬೆನ್ನು ಹಿಡಿದು ಹೋಗುತ್ತಿತ್ತು. ಕೆಟ್ಟ ಗ್ರಾಹಕಕ್ಕೆ ಉಳಿದ ಕಿಂಡಿ ಸುಮಾರು ನೂರು ಹರ್ಟ್ಸ್ ಮಾತ್ರ. ಭೂಮಿ ತನ್ನ ಅಕ್ಷದ ಮೇಲೆ ತಿರುಗುವುದರಿಂದಲೇ ಹತ್ತಿಪ್ಪತ್ತು ನಿಮಿಷದಲ್ಲಿ ಅಷ್ಟು ಕಳೆದುಹೋಗುತ್ತದೆ. ಸಾಲದುದಕ್ಕೆ, ಗ್ರಾಹಕದ ಉಷ್ಣತೆ ಡಿಗ್ರಿಯ ಒಂದಂಶ ಬದಲಾದರೂ ಆ ಕಿಂಡಿಯೇ ಜಾಗ ಬಿಟ್ಟು ಸರಿಯುತ್ತದೆ.

ಎಂಜಿನಿಯರುಗಳು ಏನು ಮಾಡಿದರು? ಕೇಳುವವನು ಹೊಂದಿಕೊಳ್ಳಲಾರನೆಂದ ಮೇಲೆ ಹೇಳುವವರೇ ಹೊಂದಿಕೊಂಡರು. ಭೂಮಿಯ ಗತಿ, ನೌಕೆಯ ಗತಿ, ಗ್ರಾಹಕದ ಉಷ್ಣತೆ ಎಲ್ಲವನ್ನೂ ಲೆಕ್ಕ ಹಾಕಿ, ತಮ್ಮ ಪ್ರೇಷಕದ ಕಂಪನಾಂಕವನ್ನೇ ಕ್ಷಣಕ್ಷಣಕ್ಕೂ ಏರಿಳಿಸುತ್ತಾ, ಅಲೆ ನೌಕೆಯನ್ನು ಮುಟ್ಟುವಾಗ ಆ ಕಿಂಡಿಯೊಳಗೇ ಬೀಳುವಂತೆ ಕಳಿಸಿದರು. 1978ರ ಏಪ್ರಿಲ್ 13ರಂದು ನೌಕೆ ಆದೇಶವನ್ನು ಕೇಳಿಸಿಕೊಂಡಿತು. ಅದೇ ಕಿವಿಯಿಂದ ಕೇಳುತ್ತಾ 1979ರಲ್ಲಿ ಗುರುವನ್ನೂ, 1981ರಲ್ಲಿ ಶನಿಯನ್ನೂ, 1986ರಲ್ಲಿ ಯುರೇನಸ್ಸನ್ನೂ, 1989ರಲ್ಲಿ ನೆಪ್ಚೂನನ್ನೂ ಹಾದು ಹೋಯಿತು. 2023ರ ಜುಲೈನಲ್ಲಿ ತಪ್ಪು ಆದೇಶವೊಂದರಿಂದ ಅದರ ಆಂಟೆನಾ ಭೂಮಿಯಿಂದ ಎರಡು ಡಿಗ್ರಿ ಹೊರಳಿಕೊಂಡಾಗ, ಆಸ್ಟ್ರೇಲಿಯದ ಕ್ಯಾನ್‌ಬೆರಾದ ನಿಲ್ದಾಣದಿಂದ ಹೊರಟ ಕರೆ ಹದಿನೆಂಟೂವರೆ ಗಂಟೆ ಪಯಣಿಸಿ ಅದನ್ನು ಮುಟ್ಟಿತು. ನೌಕೆ ಮತ್ತೆ ಇತ್ತ ತಿರುಗಿತು. ಆ ಕರೆಯನ್ನು ಕೇಳಿಸಿಕೊಂಡದ್ದೂ 1978ರ ಅದೇ ಕುಂಟು ಕಿವಿಯೇ.

ಕೊನೆಗಾಲದಲ್ಲಿ ನನ್ನ ತಂದೆಯವರ ಕಿವಿ ಮಂದವಾಗಿತ್ತು. ರೇಡಿಯೋದ ಪಿಪ್ ಸದ್ದು ಅವರಿಗೆ ಕೇಳಿಸುತ್ತಿರಲಿಲ್ಲ. ಸಂಜೆ ನಾನು ಪಕ್ಕದಲ್ಲಿ ಕುಳಿತು, ಸದ್ದು ಬಂದಂತೆಲ್ಲ ಅವರ ಅಂಗೈ ಮೇಲೆ ಬೆರಳಿನಿಂದ ತಟ್ಟುತ್ತಿದ್ದೆ. ಅವರು ಗಡಿಯಾರದತ್ತ ನೋಡಿ, ಸರಿಯಿದೆಯೆಂದು ತಲೆದೂಗುತ್ತಿದ್ದರು.